ಅಣೆಕಟ್ಟುಗಳೂ ನದಿಯನ್ನೇರುವ ಮೀನುಗಳೂ

ಕೊಯಮತ್ತೂರಿನಲ್ಲಿಯೂ ತಿರುಪ್ಪೂರಿನಲ್ಲಿಯೂ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಮೇಟುಪಾಳ್ಯದ ವನಭದ್ರಕಾಳಿ ಅಮ್ಮನವರ ಗುಡಿಗೆ ಹೋಗಿ ಬಾರದವರು ವಿರಳ. ಗುಡಿಯ ಸಮೀಪದಲ್ಲಿಯೇ ಭವಾನಿ ನದಿ ಹರಿಯುತ್ತದೆ. ಸ್ನಾನಕ್ಕೆಂದು ನೀರಿಗಿಳಿಯುವ ಮಕ್ಕಳನ್ನು ಹಿರಿಯರು ದಡದಿಂದ ಕೂಗಿ ಎಚ್ಚರಿಸುವುದುಂಟು: “ನಡುನೀರಿಗೆ ಹೋಗಬೇಡಿರಿ, ಮೇಲಿನಿಂದ ನೀರು ಬಿಟ್ಟಾರು!” ಆಕಾಶದಲ್ಲಿ ಮೋಡದ ಸುಳಿವಿಲ್ಲ, ಬೆಟ್ಟದ ಮೇಲೆ ಮಳೆಯ ಸುದ್ದಿಯಿಲ್ಲ. ಆದರೂ ಮೊಣಕಾಲುದ್ದವಿದ್ದ ನೀರು ಸ್ವಲ್ಪ ಹೊತ್ತಿನಲ್ಲಿಯೇ ಸೊಂಟದುದ್ದಕ್ಕೆ ಏರಬಲ್ಲುದು. ಇದಕ್ಕೆ ಕಾರಣವು ಮಳೆಯಲ್ಲ. ಮೇಲ್ಭಾಗದ ಪಿಲ್ಲೂರು ಅಣೆಕಟ್ಟಿನಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ಮೇಲೆ ಹೊರಬಿಡುವ ನೀರು.

ಮನುಷ್ಯನಿಗೆ ಎಚ್ಚರಿಕೆ ಹೇಳುವವರಿದ್ದಾರೆ. ಆ ನೀರಿನೊಳಗೇ ಬಾಳುವ ಮೀನಿಗೆ ಹೇಳುವವರಾರು? ನೀರು ಯಾವಾಗ ಏರುವುದು, ಯಾವಾಗ ಇಳಿಯುವುದು ಎಂಬುದನ್ನು ನೋಡಿಯೇ ಮೀನು ತನ್ನ ವರ್ಷದ ಕಾರ್ಯಗಳನ್ನೆಲ್ಲ ನಡೆಸುತ್ತದೆ. ಮಳೆಯ ಮಾತನ್ನು ಕೇಳುತ್ತಿದ್ದ ನದಿಯು ಈಗ ಯಂತ್ರದ ಮಾತನ್ನು ಕೇಳುತ್ತಿದೆ. ಇದರಿಂದ ಮೀನಿಗೆ ಆದುದೇನು ಎಂಬುದನ್ನು ನಮ್ಮ ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ತಿಳಿಯಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೀನು ಏಕೆ ಪ್ರಯಾಣ ಮಾಡುತ್ತದೆ?

ನದಿಯ ಮೀನು ಹುಟ್ಟಿದ ಮಡುವಿನಲ್ಲಿಯೇ ಬೆಳೆದು ಅಲ್ಲಿಯೇ ಸಾಯುವುದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ಕೆಲವು ಜಾತಿಯ ಮೀನುಗಳ ಮಟ್ಟಿಗೆ ಇದು ನಿಜವೂ ಹೌದು. ಆದರೆ ಬೇರೆ ಅನೇಕ ಮೀನುಗಳಿಗೆ ಉಣ್ಣುವ ಮನೆ ಒಂದು, ಹೆರುವ ಮನೆ ಇನ್ನೊಂದು. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಂತೆ ಈ ಮೀನುಗಳು ಮೊಟ್ಟೆಯಿಡುವ ಕಾಲ ಬಂದಾಗ ಇದ್ದ ಸ್ಥಳವನ್ನು ಬಿಟ್ಟು ದೂರ ಪ್ರಯಾಣ ಮಾಡುತ್ತವೆ. ಇದನ್ನೇ ವಲಸೆ ಎನ್ನುವರು.

ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಇಂತಹ ಯಾತ್ರಿಕರು ಮೂರು ಬಗೆಯಾಗಿ ಇರುವರು.

ಮೊದಲನೆಯದು ಹಿಲ್ಸಾ. ಇದು ಸಮುದ್ರದಲ್ಲಿ ಬೆಳೆದು, ನೆರೆ ಬಂದಾಗ ನದಿಯ ಮುಖವನ್ನು ಹೊಕ್ಕು ಸಿಹಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಬಂಗಾಳಿಗಳು ಇಲಿಶ್ ಎಂದು ಹಬ್ಬದಂತೆ ಉಣ್ಣುವ ಮೀನು ಇದೇ. ಎರಡನೆಯದು ಹಾವುಮೀನು. ಇದರ ನಡತೆ ಹಿಲ್ಸಾದ ನಡತೆಗೆ ತೀರ ವಿರುದ್ಧವಾದುದು. ಇದು ಸಮುದ್ರದಲ್ಲಿ ಹುಟ್ಟಿ, ಮರಿಯಾಗಿದ್ದಾಗಲೇ ನದಿಯನ್ನೇರಿ, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಕೊನೆಗೆ ಮೊಟ್ಟೆಯಿಡಲು ಸಮುದ್ರಕ್ಕೆ ಹಿಂದಿರುಗಿ ಅಲ್ಲಿಯೇ ಸಾಯುತ್ತದೆ. ಮೂರನೆಯದು ಗೆಂಡೆಯ ಕುಲ. ಇವು ಸಮುದ್ರವನ್ನು ಕಾಣವು. ಬಯಲಿನ ಆಳವಾದ ಮಡುಗಳಲ್ಲಿ ಬೇಸಗೆಯನ್ನು ಕಳೆದು, ಹೊಸನೀರು ಬಂದೊಡನೆ ಪ್ರವಾಹಕ್ಕೆ ಎದುರಾಗಿ ಈಜುತ್ತ ಮೇಲಿನ ಹೊಳೆಗಳನ್ನು ಏರುತ್ತವೆ. ಕನ್ನಡದಲ್ಲಿ ಬಿಳಿಮೀನು ಎಂದು ಕರೆಯುವ ಮಹಶೀರ್ ಈ ಕುಲದ ದೊರೆ.

ಮಲೆನಾಡಿನ ನಮ್ಮ ಬಂಧುಗಳು ಮುಂಗಾರಿನ ಮೊದಲ ನೀರಿಗೆ ಹಳ್ಳವನ್ನೇರುವ ಮೀನನ್ನು ಹತ್ತುಮೀನು ಎನ್ನುತ್ತಾರೆ. ಈ ಹೆಸರಿನಲ್ಲಿಯೇ ಒಂದು ಪಾಠವಿದೆ. ಮೀನಿಗೆ ಪಂಚಾಂಗವಿಲ್ಲ. ನೀರು ಏರಿತೆ, ಕೆಂಪಾಯಿತೆ, ತುಸು ತಂಪಾಯಿತೆ, ಹರಿವಿನ ರಭಸ ಹೆಚ್ಚಿತೆ ಎಂಬ ಕುರುಹುಗಳಿಂದಲೇ ಅದು ಹೊರಡುವ ಮುಹೂರ್ತವನ್ನು ಅರಿಯುತ್ತದೆ. ಆ ಹೊತ್ತಿಗೆ ಅದರ ಹೊಟ್ಟೆಯಲ್ಲಿ ಮೊಟ್ಟೆಗಳು ಮಾಗಿರುತ್ತವೆ. ಮಹಶೀರಿನಂತಹ ಮೀನುಗಳು ಶುಭ್ರವಾದ, ವೇಗವಾಗಿ ಹರಿಯುವ ನೀರಿನ ತಳದಲ್ಲಿರುವ ನೊರಜುಗಲ್ಲುಗಳ ನಡುವೆ ಮೊಟ್ಟೆಯಿಡುತ್ತವೆ. ಕಲ್ಲುಗಳ ಸಂದಿಯಲ್ಲಿ ನೀರು ಸದಾ ನುಗ್ಗಿ ಹೋಗುತ್ತಿರುವುದರಿಂದ ಮೊಟ್ಟೆಗಳಿಗೆ ಬೇಕಾದ ಆಮ್ಲಜನಕವು ದೊರೆಯುತ್ತದೆ. ಕೆಸರು ಕವಿದರೆ ಮೊಟ್ಟೆಯು ಉಸಿರುಕಟ್ಟಿ ಸಾಯುತ್ತದೆ.

ನಮ್ಮ ನದಿಗಳ ಮೇಲಿನ ಅಣೆಗಳು

ಭವಾನಿಯು ನೀಲಗಿರಿಯಲ್ಲಿ ಹುಟ್ಟಿ, ಕೇರಳದ ಅಟ್ಟಪ್ಪಾಡಿಯನ್ನು ಬಳಸಿ, ಮರಳಿ ಪೂರ್ವಕ್ಕೆ ತಿರುಗಿ ಪಿಲ್ಲೂರು, ಮೇಟುಪಾಳ್ಯ, ಸತ್ಯಮಂಗಲಗಳ ಮೇಲೆ ಹರಿದು, ಭವಾನಿ ಪಟ್ಟಣದ ಕೂಡುತುರೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಇದರ ಉದ್ದ ಸುಮಾರು ೨೧೭ ಕಿಲೋಮೀಟರು. ದಕ್ಷಿಣದಲ್ಲಿ ಪಾಂಬಾರು, ಚಿನ್ನಾರು ಮೊದಲಾದ ಹೊಳೆಗಳು ಕೂಡಿ ಅಮರಾವತಿಯಾಗಿ, ಉಡುಮಲೈಪೇಟೆ, ಧಾರಾಪುರಗಳ ಸೀಮೆಯನ್ನು ತಣಿಸಿ, ಕರೂರಿನ ಆಚೆ ಕಾವೇರಿಯನ್ನೇ ಸೇರುತ್ತವೆ. ಆದುದರಿಂದ ಕೊಡಗಿನಲ್ಲಿ ಹುಟ್ಟಿದ ಕಾವೇರಿಯೂ ನಮ್ಮ ಮನೆಯ ಬಾಗಿಲಿನ ಭವಾನಿ, ಅಮರಾವತಿಗಳೂ ಮೀನಿನ ಪಾಲಿಗೆ ಒಂದೇ ಮನೆಯ ಕೋಣೆಗಳಾಗಿದ್ದವು.

ಅಣೆ ಕಟ್ಟುವುದು ನಮ್ಮ ನಾಡಿಗೆ ಹೊಸತಲ್ಲ. ಗೋಪಿಚೆಟ್ಟಿಪಾಳ್ಯದ ಬಳಿಯ ಕೊಡಿವೇರಿ ಅಣೆಯು ೧೨ನೆಯ ಶತಮಾನದ್ದು. ಭವಾನಿಯ ಸಂಗಮದ ಬಳಿಯಿಂದ ಹೊರಡುವ ಕಾಳಿಂಗರಾಯನ ಕಾಲುವೆಯು ೧೩ನೆಯ ಶತಮಾನದ್ದು. ಇವು ತಗ್ಗಾದ ಅಣೆಗಳು. ಬೇಸಗೆಯ ನೀರನ್ನು ಕಾಲುವೆಗೆ ತಿರುಗಿಸುತ್ತಿದ್ದವೇ ಹೊರತು ಮಳೆಗಾಲದ ನೆರೆಯನ್ನು ತಡೆಯುತ್ತಿರಲಿಲ್ಲ. ನೆರೆಯು ಅಣೆಯ ಮೇಲೆಯೇ ಹೊರಳಿ ಹೋಗುತ್ತಿತ್ತು.

೨೦ನೆಯ ಶತಮಾನದ ಅಣೆಗಳು ಬೇರೆ ಜಾತಿಯವು. ೧೯೩೨ರಲ್ಲಿ ನೀಲಗಿರಿಯ ಪೈಕಾರ ಯೋಜನೆಯಿಂದ ವಿದ್ಯುತ್ತು ಹೊರಟಿತು; ಕೊಯಮತ್ತೂರಿನ ನೂಲಿನ ಗಿರಣಿಗಳು ಬೆಳೆದುದಕ್ಕೆ ಇದೊಂದು ಮುಖ್ಯ ಕಾರಣ. ೧೯೩೪ರಲ್ಲಿ ಕಾವೇರಿಗೆ ಅಡ್ಡವಾಗಿ ೨೧೪ ಅಡಿ ಎತ್ತರದ ಮೆಟ್ಟೂರು ಅಣೆಕಟ್ಟು ಪೂರ್ತಿಯಾಯಿತು. ೧೯೩೭ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಮೊದಲಾಯಿತು. ೧೯೫೨ರಲ್ಲಿ ಮೋಯಾರು ವಿದ್ಯುದಾಗಾರ ನಡೆಯತೊಡಗಿತು. ಮೋಯಾರು ಭವಾನಿಯನ್ನು ಕೂಡುವ ಸ್ಥಳದ ಕೆಳಗೆ, ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು ೧೯೭೯ರಿಂದ ಈರೋಡಿನ ಕಡೆಗೆ ಹೋಗಿರುವ ಸತ್ಯಮಂಗಲದ ಸೀಮೆಯಲ್ಲಿ, ೧೯೫೫ರಲ್ಲಿ ಭವಾನಿಸಾಗರವು ಮುಗಿಯಿತು. ಅದರ ಮಣ್ಣಿನ ಕಟ್ಟೆಯು ೮ ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿದೆ. ಅದೇ ದಶಕದಲ್ಲಿ ಉಡುಮಲೈಪೇಟೆಯ ದಕ್ಷಿಣಕ್ಕೆ ಅಮರಾವತಿ ಅಣೆಕಟ್ಟು ಎದ್ದಿತು. ೧೯೬೦ರ ದಶಕದಲ್ಲಿ ಕೆನಡಾ ದೇಶದ ನೆರವಿನಿಂದ ಬೆಳೆದ ಕುಂದಾ ಯೋಜನೆಯ ಭಾಗವಾಗಿ ಪಿಲ್ಲೂರು ಅಣೆಕಟ್ಟು ನಿರ್ಮಾಣವಾಯಿತು. ಇವುಗಳಲ್ಲಿ ಭವಾನಿಸಾಗರ, ಅಮರಾವತಿಗಳು ಮುಖ್ಯವಾಗಿ ನೀರಾವರಿಗಾಗಿ ಕಟ್ಟಿದವು. ಪಿಲ್ಲೂರು, ಮೋಯಾರು, ಪೈಕಾರಗಳು ವಿದ್ಯುತ್ತಿಗಾಗಿ ಕಟ್ಟಿದವು. ಮೆಟ್ಟೂರು ಎರಡಕ್ಕೂ ಆಯಿತು.

ಇವುಗಳಿಂದ ನಮಗಾದ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ನಮ್ಮ ಗಿರಣಿ, ಮಗ್ಗ, ಬನಿಯನ್ ಕಾರ್ಖಾನೆಗಳು ನಡೆದುದು ಈ ವಿದ್ಯುತ್ತಿನ ಆಸರೆಯಿಂದ. ಕೊಯಮತ್ತೂರು ನಗರವು ಕುಡಿಯುವ ನೀರಿನಲ್ಲಿ ಒಂದು ಪಾಲು ಪಿಲ್ಲೂರಿನದು. ಭವಾನಿಸಾಗರದ ಕಾಲುವೆಯಿಂದ ಅರಿಸಿನವೂ ಬತ್ತವೂ ಬೆಳೆದವು. ನಾವು ಅಣೆಕಟ್ಟನ್ನು ಹಳಿಯಲು ಹೊರಟವರಲ್ಲ. ಲಾಭವನ್ನು ಲೆಕ್ಕದ ಪುಸ್ತಕದಲ್ಲಿ ಬರೆದವರು ನಷ್ಟದ ಪುಟವನ್ನೂ ಬರೆಯಬೇಕೆಂಬುದಷ್ಟೇ ನಮ್ಮ ಮಾತು.

ಅಣೆಯಿಂದ ಮೀನಿಗಾಗುವ ಬಾಧೆಗಳು

ಅಣೆಯು ಮೀನಿನ ದಾರಿಯನ್ನು ಕಟ್ಟುವುದೆಂಬುದು ಎಲ್ಲರಿಗೂ ತಿಳಿಯುವ ವಿಷಯ. ಆದರೆ ಗೋಡೆಯೊಂದೇ ತಡೆಯಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದಾಗಿ, ದಾರಿ ಮುಚ್ಚುವುದು. ಮಾಗಿದ ಮೊಟ್ಟೆಗಳನ್ನು ಹೊತ್ತು ಬಂದ ಮೀನು ಗೋಡೆಯ ಬುಡದಲ್ಲಿ ಸುತ್ತಿ ಸುತ್ತಿ ಬಳಲುತ್ತದೆ. ಅಲ್ಲಿ ಗುಂಪುಗೂಡಿದ ಮೀನನ್ನು ಬಲೆಯವರು ಸುಲಭವಾಗಿ ಹಿಡಿಯುತ್ತಾರೆ. ತಕ್ಕ ಸ್ಥಳ ದೊರೆಯದಿದ್ದರೆ ಮೊಟ್ಟೆಗಳು ಹೊಟ್ಟೆಯಲ್ಲಿಯೇ ಕರಗಿ ಹೋಗುವುದೂ ಉಂಟು.

ಎರಡನೆಯದಾಗಿ, ಹರಿಯುವ ನೀರು ನಿಂತ ನೀರಾಗುವುದು. ಅಣೆಯ ಮೇಲ್ಗಡೆ ನದಿಯು ಕೆರೆಯಾಗುತ್ತದೆ. ಹೊಳೆಯು ಹೊತ್ತು ತಂದ ಮರಳೂ ನೊರಜುಗಲ್ಲೂ ಜಲಾಶಯದ ತುದಿಯಲ್ಲಿಯೇ ನಿಲ್ಲುತ್ತವೆ. ನಯವಾದ ಕೆಸರು ತಳವನ್ನು ಕವಿಯುತ್ತದೆ. ಕೆಳಗಡೆಯಲ್ಲಾದರೋ ಹಳೆಯ ಮರಳು ಕೊಚ್ಚಿಹೋಗಿ, ಹೊಸದು ಬಾರದೆ, ಬರಿಯ ಬಂಡೆ ಉಳಿಯುತ್ತದೆ. ಹೀಗೆ ಮೊಟ್ಟೆಯಿಡುವ ತೊಟ್ಟಿಲು ಎರಡು ಕಡೆಯಲ್ಲಿಯೂ ಹಾಳಾಗುತ್ತದೆ. ನಿಂತ ನೀರನ್ನು ಬಯಸುವ ಮೀನುಗಳಿಗೆ ಮಾತ್ರ ಜಲಾಶಯವು ಹಬ್ಬ. ೧೯೫೨ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ತಿಲಾಪಿಯ, ಎಂದರೆ ನಮ್ಮ ಸಂತೆಯ ಜಿಲೇಬಿ ಮೀನು, ಅಮರಾವತಿ ಜಲಾಶಯದಲ್ಲಿ ಹೇರಳವಾಗಿ ಬೆಳೆದುದು ಇದಕ್ಕೆ ನಿದರ್ಶನ. ಜಲಾಶಯದಲ್ಲಿ ಮೀನು ಹೆಚ್ಚಿತೆಂದು ಹೇಳುವಾಗ ಯಾವ ಮೀನು ಹೆಚ್ಚಿತು, ಯಾವುದು ಹೋಯಿತು ಎಂದು ಕೇಳಬೇಕು.

ಮೂರನೆಯದಾಗಿ, ನೀರಿನ ಗುಣ ಕೆಡುವುದು. ಆಳವಾದ ಜಲಾಶಯದಲ್ಲಿ ಮೇಲಿನ ನೀರು ಬಿಸಿಲಿಗೆ ಕಾಯುತ್ತದೆ. ತಳದ ನೀರು ಬೆಳಕನ್ನು ಕಾಣದೆ ತಣ್ಣಗಿದ್ದು, ಕೊಳೆಯುವ ಎಲೆ ಕಸಗಳಿಂದ ಆಮ್ಲಜನಕವನ್ನು ಕಳೆದುಕೊಳ್ಳುತ್ತದೆ. ತಳದ ತೂಬಿನಿಂದ ಆ ನೀರನ್ನು ಬಿಟ್ಟರೆ ಕೆಳಗಿನ ನದಿಯು ಋತುವಿಗೆ ಒಪ್ಪದಷ್ಟು ತಣ್ಣಗೂ ನಿಸ್ಸತ್ತ್ವವೂ ಆಗುತ್ತದೆ.

ನಾಲ್ಕನೆಯದಾಗಿ, ಯಂತ್ರದ ಬಾಧೆ. ಎತ್ತರದಿಂದ ಕೊಳವೆಯ ಮೂಲಕ ಇಳಿಯುವ ನೀರು ಟರ್ಬೈನು ಎಂಬ ಚಕ್ರವನ್ನು ತಿರುಗಿಸಿ ಹೊರಬರುತ್ತದೆ. ಆ ನೀರಿನೊಡನೆ ಸಾಗಿದ ಮೀನು ಚಕ್ರದ ಅಲಗಿಗೆ ಸಿಕ್ಕಬಹುದು. ಸಿಕ್ಕದಿದ್ದರೂ, ಕೊಳವೆಯೊಳಗಿನ ಅಧಿಕ ಒತ್ತಡದಿಂದ ಹೊರಗಿನ ಕಡಿಮೆ ಒತ್ತಡಕ್ಕೆ ಕ್ಷಣಮಾತ್ರದಲ್ಲಿ ಬರುವುದರಿಂದ ಮೀನಿನ ಒಡಲೊಳಗಿನ ಗಾಳಿಚೀಲವು ಹಿಗ್ಗಿ ಒಡೆಯಬಹುದು. ಸಮುದ್ರಕ್ಕೆ ಇಳಿಯಲು ಹೊರಟ ಉದ್ದನೆಯ ಹಾವುಮೀನಿಗೆ ಅಲಗಿನ ಅಪಾಯವು ಇನ್ನೂ ಹೆಚ್ಚು.

ಐದನೆಯದಾಗಿ, ಕಾಲ ತಪ್ಪುವುದು. ನಮ್ಮ ಮತದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಬಾಧೆ. ಜಲಾಶಯದ ಕೆಲಸವೇ ಮಳೆಗಾಲದ ನೆರೆಯನ್ನು ನುಂಗಿ, ಬೇಕಾದಾಗ ಸ್ವಲ್ಪ ಸ್ವಲ್ಪವಾಗಿ ಬಿಡುವುದು. ಮೀನಿಗೆ ಹೊರಡುವ ಮುಹೂರ್ತವನ್ನು ತಿಳಿಸುತ್ತಿದ್ದುದು ಆ ನೆರೆಯೇ. ನೆರೆ ಬಾರದಿದ್ದರೆ ಮೀನು ಹೊರಡುವುದೇ ಇಲ್ಲ. ಇನ್ನು ವಿದ್ಯುತ್ತಿನ ಬೇಡಿಕೆ ದಿನದ ಎಲ್ಲ ಹೊತ್ತಿನಲ್ಲಿಯೂ ಸಮನಾಗಿರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಬೇಡಿಕೆ ಏರುತ್ತದೆ. ಆಗ ನೀರನ್ನು ಬಿಡುತ್ತಾರೆ. ಬೇಡಿಕೆ ಇಳಿದಾಗ ನಿಲ್ಲಿಸುತ್ತಾರೆ. ಏರಿದ ನೀರನ್ನು ನಂಬಿ ದಡದ ಬಳಿ ಇಟ್ಟ ಮೊಟ್ಟೆಯೂ ಅಲ್ಲಿ ಆಡುವ ಮರಿಯೂ ನೀರಿಳಿದ ಮೇಲೆ ಬಿಸಿಲಿಗೆ ಬಿದ್ದು ಒಣಗುತ್ತವೆ.

ಮೆಟ್ಟೂರಿನ ಪಾಠ

ಈ ಐದನೆಯ ಮಾತಿಗೆ ಮೆಟ್ಟೂರೇ ಸಾಕ್ಷಿ. ಮದ್ರಾಸ್ ಪ್ರಾಂತದ ಮೀನುಗಾರಿಕೆಯ ಇಲಾಖೆಗೆ ನಿರ್ದೇಶಕರಾಗಿದ್ದ ಬಿ. ಸುಂದರರಾಜ್ ಎಂಬ ವಿದ್ವಾಂಸರು ೧೯೪೧ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ಅಣೆಗಳನ್ನೂ ಮೀನುಗಾರಿಕೆಯನ್ನೂ ಕುರಿತು, ಮೆಟ್ಟೂರಿನಿಂದ ಭಾರತವು ಕಲಿಯಬೇಕಾದ ಪಾಠವೇನೆಂದು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಣೆಕಟ್ಟು ಮುಗಿದು ಏಳು ವರ್ಷಗಳಾಗಿದ್ದವಷ್ಟೆ. ಸ್ವತಂತ್ರ ಭಾರತದ ದೊಡ್ಡ ಅಣೆಗಳಾವುವೂ ಇನ್ನೂ ಎದ್ದಿರಲಿಲ್ಲ.

ಮೆಟ್ಟೂರಿನ ಕೆಳಗೆ, ಕಾವೇರಿಯಲ್ಲಿಯೂ ಅದರ ಕವಲಾದ ಕೊಳ್ಳಿಡಂನಲ್ಲಿಯೂ ಸಮುದ್ರದಿಂದ ಏರಿಬರುತ್ತಿದ್ದ ಹಿಲ್ಸಾ ಕ್ಷೀಣಿಸಿತು. ಇಲ್ಲಿ ವಿದ್ಯಾರ್ಥಿಗಳು ಒಂದು ಅಂಶವನ್ನು ಗಮನಿಸಬೇಕು. ನದಿಯ ಮುಖವು ಮೆಟ್ಟೂರಿನಿಂದ ನೂರಾರು ಮೈಲಿ ದೂರದಲ್ಲಿದೆ. ಗೋಡೆಯು ಅಷ್ಟು ದೂರದ ಮೀನನ್ನು ಮುಟ್ಟಲಾರದು. ಮುಟ್ಟಿದ್ದು ನೆರೆಯ ಅಭಾವ. ಸಮುದ್ರದಲ್ಲಿದ್ದ ಮೀನನ್ನು ಒಳಗೆ ಕರೆಯುತ್ತಿದ್ದ ಪ್ರವಾಹವನ್ನು ಜಲಾಶಯವು ಹಿಡಿದಿಟ್ಟುಕೊಂಡಿತು.

ಮೆಟ್ಟೂರಿನ ನೀರನ್ನು ತಂಜಾವೂರು ಸೀಮೆಯ ಬೆಳೆಗಾಗಿ ಜೂನ್ ೧೨ರಂದು ತೆರೆದು ಜನವರಿ ೨೮ರವರೆಗೆ ಬಿಡುವುದು ವಾಡಿಕೆ. ಜಲಾಶಯದಲ್ಲಿ ನೀರು ಸಾಲದ ವರ್ಷಗಳಲ್ಲಿ ಈ ತಾರೀಖು ತಪ್ಪುವುದೂ ಉಂಟು. ರೈತನ ದೃಷ್ಟಿಯಿಂದ ಈ ಏರ್ಪಾಡು ಯುಕ್ತವಾದುದೇ. ಆದರೆ ನದಿಯು ತಾರೀಖಿನ ಮೇಲೆ ಹರಿಯತೊಡಗಿದ ಮೇಲೆ, ಮಳೆಯ ಮೇಲೆ ಬಾಳುತ್ತಿದ್ದ ಮೀನಿನ ಗತಿಯೇನು? ೧೯೮೦ರ ದಶಕದ ಕೊನೆಯಲ್ಲಿ ಮೆಟ್ಟೂರಿಗೂ ಭವಾನಿ ಪಟ್ಟಣಕ್ಕೂ ನಡುವೆ ಚೆಕ್ಕಾನೂರು, ನೆರಿಂಜಿಪೇಟೆ, ಕೋನೇರಿಪಟ್ಟಿ, ಊರಾಚ್ಚಿಕೋಟೆ ಎಂಬ ನಾಲ್ಕು ಸ್ಥಳಗಳಲ್ಲಿ ವಿದ್ಯುತ್ತಿಗಾಗಿ ಬಾಗಿಲುಗಳುಳ್ಳ ತಗ್ಗು ಅಣೆಗಳನ್ನು ಕಟ್ಟಿದರು. ಅಲ್ಲಿ ಕಾವೇರಿಯು ಈಗ ನದಿಯಾಗಿರುವುದಕ್ಕಿಂತ ಸಾಲುಗೆರೆಗಳಂತೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿದೆ.

ಗಂಗೆಯಲ್ಲಿಯೂ ಇದೇ ಕತೆ ನಡೆಯಿತು. ೧೯೭೫ರಲ್ಲಿ ಫರಕ್ಕಾದ ಅಣೆ ನಡೆಯತೊಡಗಿದ ಮೇಲೆ, ಹಿಂದೆ ಪ್ರಯಾಗದವರೆಗೂ ಏರುತ್ತಿದ್ದ ಹಿಲ್ಸಾ ಮೇಲಿನ ಗಂಗೆಯಿಂದ ಬಹುಮಟ್ಟಿಗೆ ಮರೆಯಾಯಿತು. ಮೆಟ್ಟೂರಿನ ಪಾಠವನ್ನು ಬರೆದಿಟ್ಟು ಆಗ ೩೪ ವರ್ಷಗಳಾಗಿದ್ದವು.

ಕಾವೇರಿಯ ಡುಬ್ಬದ ಮಹಶೀರ್

ಈಗ ನಮ್ಮ ನೆರೆಯಲ್ಲಿಯೇ ಇರುವ ಒಂದು ಮೀನಿನ ಸಂಗತಿಯನ್ನು ಹೇಳಬೇಕಾಗಿದೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಹುಟ್ಟಿ ಬೆಳೆಯುವ ಒಂದು ಮಹಶೀರ್ ಉಂಟು. ಬೆನ್ನಿನ ಮುಂಭಾಗದಲ್ಲಿ ಡುಬ್ಬ, ಕಿತ್ತಳೆಯ ಬಣ್ಣದ ರೆಕ್ಕೆಗಳು, ಅಗಲವಾದ ಹುರುಪೆಗಳು ಇದರ ಗುರುತು. ಜಗತ್ತಿನ ಮಹಶೀರ್‌ಗಳಲ್ಲೆಲ್ಲ ಅತಿ ದೊಡ್ಡದಾಗಿ ಬೆಳೆಯುವವುಗಳಲ್ಲಿ ಇದೂ ಒಂದು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಮಹಶೀರ್ ೧೨೦ ಪೌಂಡು ತೂಗಿತು. ಎಂದರೆ ಸುಮಾರು ೫೪ ಕಿಲೋಗ್ರಾಂ. ಹೈಸ್ಕೂಲಿನ ಹುಡುಗನೊಬ್ಬನ ತೂಕಕ್ಕೆ ಮಿಗಿಲು.

ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರೀಯ ನಾಮವು ಖಚಿತವಾಗಿ ದೊರೆತುದು ೨೦೧೮ರಲ್ಲಿ ಎಂದರೆ ಆಶ್ಚರ್ಯವಾಗಬಹುದು. ಅದಕ್ಕೆ ಕೆಲವು ವರ್ಷಗಳ ಹಿಂದೆ ಕೇರಳದ ಇಬ್ಬರು ವಿಜ್ಞಾನಿಗಳು ಪಾಂಬಾರು ಹೊಳೆಯಲ್ಲಿ ದೊರೆತ ಒಂದು ಮಹಶೀರನ್ನು ವರ್ಣಿಸಿ, ಮತ್ಸ್ಯಶಾಸ್ತ್ರಜ್ಞೆ ರೇಮಾದೇವಿಯವರ ಗೌರವಾರ್ಥವಾಗಿ ಟಾರ್ ರೇಮಾದೇವಿಯೈ ಎಂದು ಹೆಸರಿಟ್ಟಿದ್ದರು. ಮೋಯಾರಿನ ಡುಬ್ಬದ ಮಹಶೀರನ್ನು ಅದರೊಡನೆ ಹೋಲಿಸಿ ಎರಡೂ ಒಂದೇ ಜಾತಿಯೆಂದು ೨೦೧೮ರಲ್ಲಿ ನಿರ್ಣಯಿಸಿದ ವಿಜ್ಞಾನಿಗಳಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದವರೂ ಇದ್ದರೆಂಬುದು ನಮಗೆ ಹೆಮ್ಮೆಯ ವಿಷಯ. ಅದೇ ವರ್ಷ ಈ ಮೀನು, ಅಳಿವಿನ ಅತಿ ಸಮೀಪದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನೂ ಸೇರಿತು. ನಾಮಕರಣವಾದ ವರ್ಷವೇ ಅಳಿವಿನ ಎಚ್ಚರಿಕೆಯೂ ಬಂದಿತು.

ಭೂಪಟವನ್ನು ಬಿಡಿಸಿ ನೋಡಿರಿ. ಪಾಂಬಾರು ಎಲ್ಲಿದೆ? ಅಮರಾವತಿ ಅಣೆಕಟ್ಟಿನ ಮೇಲ್ಗಡೆ. ಮೋಯಾರು ಎಲ್ಲಿದೆ? ಬಂಡೀಪುರ, ಮುದುಮಲೆಗಳ ನಡುವಿನ ಗಡಿಯಾಗಿ ಆಳವಾದ ಕಮರಿಯಲ್ಲಿ ಹರಿದು, ಭವಾನಿಸಾಗರದ ಮೇಲ್ಗಡೆ. ಒಂದು ಕಾಲದಲ್ಲಿ ಈ ಎರಡು ಹೊಳೆಗಳ ಮೀನುಗಳು ಕಾವೇರಿಯ ಮೂಲಕ ಒಂದಾಗಬಹುದಾಗಿದ್ದವು. ಇಂದು ಒಂದೊಂದು ಗುಂಪೂ ತನ್ನ ತನ್ನ ಅಣೆಯ ಹಿಂದೆ ಉಳಿದಿದೆ. ಮೋಯಾರಿನ ಕೆಳಗೆ ಭವಾನಿಸಾಗರದ ಕಟ್ಟೆ, ಮೇಲೆ ವಿದ್ಯುದಾಗಾರ. ಕಮರಿಯ ನೀರಿನ ಏರಿಳಿತವೂ ಬಹುಮಟ್ಟಿಗೆ ಯಂತ್ರದ ಕೈಯಲ್ಲಿಯೇ ಇದೆ. ಸಣ್ಣ ಗುಂಪಿಗೆ ಒಂದು ಬರಗಾಲ, ಒಂದು ವಿಷಪ್ರಯೋಗ, ಒಂದು ಸಿಡಿಮದ್ದಿನ ಏಟು ಸಾಕು. ತುಂಬಿಕೊಡಲು ಕೆಳಗಿನ ನದಿಯಿಂದ ಬೇರೆ ಮೀನು ಏರಿ ಬರಲಾರದು.

ನ್ಯಾಯವಾಗಿ ಹೇಳುವುದಾದರೆ ಅಣೆಗಳೊಂದೇ ಅಪರಾಧಿಗಳಲ್ಲ. ಮರಳನ್ನು ತೋಡುವುದು, ಸಿಡಿಮದ್ದು ಹಾಕುವುದು, ಕೊಳಚೆ ಬಿಡುವುದು, ಇವೂ ಕಾರಣಗಳೇ. ನೊಯ್ಯಲ್ ನದಿಯಲ್ಲಿ ನೀರಾವರಿಗೆಂದು ೧೯೯೨ರಲ್ಲಿ ಮುಗಿಸಿದ ಒರತ್ತುಪಾಳ್ಯದ ಜಲಾಶಯವು ತಿರುಪ್ಪೂರಿನ ಬಣ್ಣದ ನೀರಿನಿಂದ ತುಂಬಿ, ಬೇಸಾಯಕ್ಕೂ ಬಾರದೆ ಹೋದುದು ನಮ್ಮ ಕಣ್ಣೆದುರಿನ ಸಂಗತಿ. ಒಳ್ಳೆಯ ಬುದ್ಧಿಯ ಉಪಾಯವೂ ಕೆಲವೊಮ್ಮೆ ಕೇಡಾಗುವುದುಂಟು. ೧೯೭೦ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮೀನುಸಾಕಣೆಯಲ್ಲಿ ಬೆಳೆಸಿದ ನೀಲಿರೆಕ್ಕೆಯ ಬೇರೊಂದು ಜಾತಿಯ ಮಹಶೀರ್ ಮರಿಗಳು ದೇಶದ ಅನೇಕ ನೀರುಗಳಿಗೆ ಹೋದವು, ಕಾವೇರಿಗೂ ಬಂದವು. ಕರ್ನಾಟಕದ ಕಾವೇರಿಯಲ್ಲಿ ಗಾಳ ಹಾಕುತ್ತಿದ್ದವರು ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಲೆಕ್ಕವನ್ನು ಪರಿಶೀಲಿಸಿದಾಗ, ನೀಲಿರೆಕ್ಕೆಯದು ಹೆಚ್ಚುತ್ತ, ಡುಬ್ಬದ ಮಹಶೀರ್ ಇಲ್ಲವೆನ್ನುವಷ್ಟು ಇಳಿಯುತ್ತ ಬಂದುದು ತಿಳಿಯಿತು. ಮೀನು ಹೋದ ನದಿಗೆ ಯಾವುದೋ ಮರಿಯನ್ನು ತಂದು ಸುರಿಯುವುದು ಪರಿಹಾರವಲ್ಲ.

ಮಾಡಬೇಕಾದುದೇನು?

ಅಣೆಯನ್ನೇರಲು ಮೀನಿಗೆ ಮೆಟ್ಟಿಲುಗಳನ್ನು ಕಟ್ಟುವ ಪದ್ಧತಿ ಪಶ್ಚಿಮ ದೇಶಗಳಲ್ಲಿದೆ. ಅಮೆರಿಕದ ಕೊಲಂಬಿಯಾ ನದಿಯ ಮೇಲೆ ೧೯೩೮ರಲ್ಲಿ ನಡೆಯತೊಡಗಿದ ಬಾನ್‌ವಿಲ್ ಅಣೆಕಟ್ಟಿನಲ್ಲಿ, ಒಂದರ ಮೇಲೊಂದಾದ ತೊಟ್ಟಿಗಳ ಮೂಲಕ ಸಾಲ್ಮನ್ ಮೀನು ಜಿಗಿದು ಜಿಗಿದು ಮೇಲೇರುತ್ತದೆ. ಗಾಜಿನ ಕಿಟಕಿಯ ಬಳಿ ಕುಳಿತು ಅವನ್ನು ಎಣಿಸುವವರೂ ಇದ್ದಾರೆ. ಆದರೆ ನಮ್ಮ ಗೆಂಡೆಗಳು ಸಾಲ್ಮನ್ನಿನಂತೆ ಜಿಗಿಯುವವಲ್ಲ. ಮೆಟ್ಟೂರಿನ ಗೋಡೆಯಾದರೋ ಮೆಟ್ಟಿಲಿನ ಅಳವಿಗೆ ಮೀರಿದುದು. ತಗ್ಗಾದ ಅಣೆಗಳಲ್ಲಿ ಮಾತ್ರ, ನಮ್ಮ ಮೀನುಗಳ ಈಜಿಗೆ ಒಪ್ಪುವ ಇಳಿಜಾರಿನ ದಾರಿಯನ್ನು ಮಾಡಿಕೊಡುವುದು ಸಾಧ್ಯ. ಹೊಸ ಅಣೆಯ ನಕ್ಷೆಯಲ್ಲಿಯೇ ಇದನ್ನು ಸೇರಿಸಿದರ ಖರ್ಚು ಕಡಿಮೆ. ಕಟ್ಟಿದ ಮೇಲೆ ಸೇರಿಸುವುದು ಕಷ್ಟ.

ಎತ್ತರದ ಅಣೆಗಳ ಮಟ್ಟಿಗೆ ಮುಖ್ಯವಾದ ಉಪಾಯವು ನೀರನ್ನು ಬಿಡುವ ಕ್ರಮದಲ್ಲಿದೆ. ೨೦೧೮ರಲ್ಲಿ ಕೇಂದ್ರ ಸರ್ಕಾರವು ಗಂಗೆಯ ಮೇಲ್ಭಾಗಕ್ಕೆ ಒಂದು ನಿಯಮವನ್ನು ಮಾಡಿತು. ಅದರಂತೆ ಅಣೆಗಳು ನವೆಂಬರಿನಿಂದ ಮಾರ್ಚಿಯವರೆಗೆ ಆಯಾ ತಿಂಗಳ ಸರಾಸರಿ ಹರಿವಿನಲ್ಲಿ ನೂರಕ್ಕೆ ೨೦ ಪಾಲನ್ನೂ, ಅಕ್ಟೋಬರ್, ಏಪ್ರಿಲ್, ಮೇ ತಿಂಗಳುಗಳಲ್ಲಿ ೨೫ ಪಾಲನ್ನೂ, ಜೂನಿನಿಂದ ಸೆಪ್ಟೆಂಬರಿನವರೆಗೆ ೩೦ ಪಾಲನ್ನೂ ನದಿಗೇ ಬಿಡತಕ್ಕದ್ದು. ಮಳೆಗಾಲದ ಪಾಲು ಹೆಚ್ಚಾಗಿರುವುದನ್ನು ಗಮನಿಸಿರಿ. ನದಿಗೆ ಎಷ್ಟು ನೀರು ಎಂಬುದರಷ್ಟೇ ಯಾವಾಗ ನೀರು ಎಂಬುದೂ ಮುಖ್ಯವೆಂದು ಈ ನಿಯಮವು ಒಪ್ಪಿಕೊಂಡಿದೆ. ಭವಾನಿ, ಮೋಯಾರು, ಅಮರಾವತಿಗಳಿಗೂ ಮುಂಗಾರಿನ ಹೊತ್ತಿನಲ್ಲಿ ಕೆಲವು ದಿನಗಳಾದರೂ ಏರುನೀರು ದೊರೆತು, ಅದು ಏಕಾಏಕಿ ಇಳಿಯದೆ ಮೆಲ್ಲಮೆಲ್ಲನೆ ಇಳಿದರೆ, ಉಳಿದ ಮೀನಿಗೆ ಬಾಳುವ ದಾರಿ ತೆರೆದೀತು.

ಇನ್ನು ಅಣೆಗಳ ಮೇಲ್ಗಡೆ ಇನ್ನೂ ಹರಿಯುತ್ತಿರುವ ಹೊಳೆಗಳನ್ನು ಹೊಸ ತಡೆಯಿಲ್ಲದಂತೆ ಕಾಯಬೇಕು. ಮೊಟ್ಟೆಯಿಡುವ ಕಾಲದಲ್ಲಿ ಮೀನು ಹಿಡಿಯಬಾರದು. ಈ ಸಂಯಮವು ನಮ್ಮವರಿಗೆ ಹೊಸದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನಿಗೂ ರಾಮನಾಥಪುರದಲ್ಲಿ ಕಾವೇರಿಯ ಮೀನಿಗೂ ಯಾತ್ರಿಕರು ಮಂಡಕ್ಕಿ ಹಾಕುವರೇ ಹೊರತು ಬಲೆ ಬೀಸುವುದಿಲ್ಲ. ದೇವರ ಮಡುವಿನಲ್ಲಿ ತೋರಿದ ದಯೆಯನ್ನು ಇಡೀ ಹೊಳೆಗೆ ತೋರಿಸಬೇಕಾಗಿದೆ.

ನದಿಯು ಕ್ಷಮಿಸಬಲ್ಲುದೆಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಎಲ್ವಾ ಎಂಬ ಸಣ್ಣ ನದಿಗೆ ೧೯೧೩ರಲ್ಲಿ ಒಂದು, ೧೯೨೭ರಲ್ಲಿ ಇನ್ನೊಂದು ವಿದ್ಯುತ್ ಅಣೆ, ಮೀನಿಗೆ ದಾರಿಯಿಲ್ಲದಂತೆ, ಕಟ್ಟಲ್ಪಟ್ಟಿದ್ದವು. ಅವು ಹಳೆಯವಾಗಿ, ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ಕಂಡ ಮೇಲೆ, ೨೦೧೧ರಿಂದ ೨೦೧೪ರೊಳಗೆ ಎರಡನ್ನೂ ಕೆಡವಿದರು. ನೂರು ವರ್ಷ ಕಾಣದಿದ್ದ ಮೇಲಿನ ಹೊಳೆಗೆ ಸಾಲ್ಮನ್ ಮರಳಿ ಬಂದಿತು. ನಮ್ಮ ಅಣೆಗಳನ್ನು ಕೆಡವಬೇಕೆಂದು ನಾವು ಹೇಳುತ್ತಿಲ್ಲ. ಅವು ಲಕ್ಷಾಂತರ ಜನರ ಅನ್ನವೂ ನೀರೂ ಆಗಿವೆ. ಆದರೆ ಅಲ್ಲಿ ಮೀನು ಮರಳಿದುದಕ್ಕೆ ಕಾರಣ, ಮರಳಲು ಮೀನು ಉಳಿದಿದ್ದುದು. ಡುಬ್ಬದ ಮಹಶೀರ್ ಮೋಯಾರಿನಿಂದಲೂ ಪಾಂಬಾರಿನಿಂದಲೂ ಒಮ್ಮೆ ಹೋಯಿತೆಂದರೆ, ಆ ಬಳಿಕ ಯಾವ ಗೋಡೆಯನ್ನು ಕೆಡವಿದರೂ ಮರಳಿ ಬರುವವರು ಯಾರು?

ವಿದ್ಯಾರ್ಥಿಗಳಿಗೆ

ಪ್ರಿಯ ವಿದ್ಯಾರ್ಥಿಗಳೇ, ಈ ಪಾಠವು ಪುಸ್ತಕದಲ್ಲಿ ಮುಗಿಯತಕ್ಕದ್ದಲ್ಲ. ಭೂಪಟದ ಮೇಲೆ ಭವಾನಿ, ಮೋಯಾರು, ಅಮರಾವತಿ, ಕಾವೇರಿಗಳನ್ನು ಬರೆದು, ಅಣೆಗಳಿರುವ ಸ್ಥಳಗಳಿಗೆ ಅಡ್ಡಗೆರೆ ಎಳೆಯಿರಿ. ಮೀನು ತಡೆಯಿಲ್ಲದೆ ಎಷ್ಟು ದೂರ ಈಜಬಲ್ಲುದೆಂದು ಅಳೆಯಿರಿ. ಸಂತೆಯಲ್ಲಿ ಮಾರುವ ಹೊಳೆಮೀನು ಯಾವುದು, ಎಲ್ಲಿಯದು ಎಂದು ಮಾರುವವರನ್ನು ಕೇಳಿ ಬರೆದುಕೊಳ್ಳಿರಿ. ಹೊಳೆಯ ಬಳಿಯ ಊರುಗಳಲ್ಲಿರುವ ಅಜ್ಜ ಅಜ್ಜಿಯರನ್ನು, ಅವರ ಬಾಲ್ಯದಲ್ಲಿ ಯಾವ ಮೀನು ಯಾವ ಮಳೆಗೆ ಏರಿಬರುತ್ತಿತ್ತೆಂದು ವಿಚಾರಿಸಿರಿ. ಅವರ ನೆನಪು ಅವರೊಡನೆಯೇ ಹೋಗುವ ಮೊದಲು ಅದನ್ನು ಕನ್ನಡದಲ್ಲಿ ಬರೆದಿಡುವುದು ಒಂದು ಸತ್ಕಾರ್ಯ.

ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಇಂದು ಸಂಜೆ ನಿಮ್ಮ ಮಕ್ಕಳು ಓದಲು ಕುಳಿತಾಗ ಹತ್ತುವ ದೀಪದಲ್ಲಿ ಈ ಬೆಟ್ಟದ ಹೊಳೆಗಳ ಪಾಲೂ ಇದೆ. ಬೇಡದ ದೀಪವನ್ನು ಆರಿಸುವಾಗ, ಅದು ಬರಿಯ ಹಣದ ಉಳಿತಾಯವಲ್ಲವೆಂದು ಮಕ್ಕಳಿಗೆ ತಿಳಿಸಿರಿ. ಮುಂದಿನ ಸಲ ವನಭದ್ರಕಾಳಿಯ ಸನ್ನಿಧಿಗೆ ಹೋದಾಗ ಭವಾನಿಯ ದಡದಲ್ಲಿ ಒಂದು ಗಳಿಗೆ ನಿಂತು, ಏರುವ ಇಳಿಯುವ ಆ ನೀರನ್ನು ಅವರಿಗೆ ತೋರಿಸಿರಿ. ಆ ನೀರನ್ನು ನಂಬಿ ಬಾಳುವವರು ನಾವು ಮಾತ್ರವಲ್ಲವೆಂಬುದನ್ನೂ ಹೇಳಿರಿ.